ಹಡಗು ಹತ್ತುವ ಹೊತ್ತು

ಜನರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುವ ಬದಲು ಕೆಲವು ದಿನ ಕಡಲಿನಲ್ಲಿ ಸುತ್ತಾಡಿಸಿ, ಬಹುಮಟ್ಟಿಗೆ ಹತ್ತಿಸಿಕೊಂಡ ಬಂದರಿಗೇ ಮರಳಿ ತಂದು ಬಿಡುವ ವಿಹಾರನೌಕೆ, ಅಂದರೆ ಕ್ರೂಸ್ ಹಡಗು, ಸಾಮಾನ್ಯವಾಗಿ ಸಂಜೆ ನಾಲ್ಕೈದು ಗಂಟೆಯ ಹೊತ್ತಿಗೆ ಬಂದರನ್ನು ಬಿಡುತ್ತದೆ. ಆದರೂ ಅದರ ಪ್ರಯಾಣಿಕರಲ್ಲಿ ಹಲವರು ಬೆಳಿಗ್ಗೆ ಹತ್ತೂವರೆಗೇ ಧಕ್ಕೆಯ ಬಾಗಿಲಲ್ಲಿ ಸಾಲು ಹಿಡಿದಿರುತ್ತಾರೆ. ಬೇಗ ಹತ್ತುವುದನ್ನು ಒಂದು ಸವಲತ್ತೆಂದು ಕಂಪನಿಗಳು ಮಾರುತ್ತವೆ, ಹೆಚ್ಚು ಹಣ ತೆತ್ತವರಿಗೂ ಹಳೆಯ ಗಿರಾಕಿಗಳಿಗೂ ಅದನ್ನು ಮೊದಲು ಹಂಚುತ್ತವೆ. ಹಡಗು ಹೊರಡುವುದಕ್ಕೆ ಎಷ್ಟು ಮುಂಚೆ ಪ್ರಯಾಣಿಕನು ಬಂದರಿನಲ್ಲಿರಬೇಕು ಎಂಬುದು ಮೇಲುನೋಟಕ್ಕೆ ಅನುಕೂಲದ ಸಣ್ಣ ಪ್ರಶ್ನೆಯಂತೆ ಕಂಡರೂ, ಕಳೆದ ಮುನ್ನೂರು ವರ್ಷಗಳಲ್ಲಿ ಅದಕ್ಕೆ ದೊರೆತ ಉತ್ತರಗಳನ್ನು ಒಂದರ ಪಕ್ಕ ಒಂದನ್ನಿಟ್ಟು ನೋಡಿದರೆ, ಆಯಾ ಕಾಲದಲ್ಲಿ ಹಡಗನ್ನು ಹಿಡಿದು ನಿಲ್ಲಿಸುತ್ತಿದ್ದ ಶಕ್ತಿ ಯಾವುದು ಮತ್ತು ಕಾಯುವ ಖರ್ಚು ಯಾರ ತಲೆಗೆ ಬೀಳುತ್ತಿತ್ತು ಎಂಬ ಎರಡು ಸಂಗತಿಗಳು ಅದರಲ್ಲಿ ಸ್ಪಷ್ಟವಾಗಿ ಮೂಡುತ್ತವೆ.

ಹಾಯಿಹಡಗಿನ ಕಾಲದಲ್ಲಿ ಹೊರಡುವ ದಿನವೆಂಬುದು ಒಂದು ಅಂದಾಜು ಮಾತ್ರವಾಗಿತ್ತು. ಲಂಡನ್ನಿನಿಂದ ಹೊರಟ ಹಡಗು ಥೇಮ್ಸ್ ನದಿಯ ಅಂಕುಡೊಂಕಿನಲ್ಲಿ ಉಬ್ಬರವಿಳಿತವನ್ನು ನೋಡಿಕೊಂಡು ನಿಧಾನವಾಗಿ ಇಳಿಯಬೇಕಿತ್ತು. ಆಮೇಲೆ ಕೆಂಟ್ ಕರಾವಳಿಯ ಡೀಲ್ ಎಂಬ ಊರಿನೆದುರು, ಮರಳುದಿಬ್ಬಗಳ ಮರೆಯಲ್ಲಿರುವ ಡೌನ್ಸ್ ಎಂಬ ಲಂಗರುತಾಣದಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಪಡುವಣಕ್ಕೆ ಸಾಗಿಸಬಲ್ಲ ಗಾಳಿ ಬೀಸುವವರೆಗೆ ನಿಲ್ಲಬೇಕಿತ್ತು. ನಿಲುಗಡೆ ಕೆಲವೊಮ್ಮೆ ಎರಡು ದಿನ, ಕೆಲವೊಮ್ಮೆ ವಾರಗಟ್ಟಲೆ. ಭಾರತಕ್ಕೆ ಬರುವ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಜಾಗ ಹಿಡಿದ ಅನುಕೂಲಸ್ಥರು ಈ ಲೆಕ್ಕವನ್ನು ಬಲ್ಲವರಾದ್ದರಿಂದ, ನದಿಯ ಬೇಸರದ ಹಾದಿಯನ್ನು ಹಡಗಿಗೆ ಬಿಟ್ಟು, ತಾವು ಗ್ರೇವ್ಸೆಂಡ್, ಡೀಲ್ ಅಥವಾ ಪೋರ್ಟ್ಸ್‌ಮತ್ ಊರುಗಳಿಗೆ ಗಾಡಿಯಲ್ಲಿ ಹೋಗಿ, ಅಲ್ಲಿನ ವಸತಿಗೃಹಗಳಲ್ಲಿ ತಂಗಿ ಗಾಳಿಯ ಸುದ್ದಿಗೆ ಕಿವಿಗೊಟ್ಟಿರುತ್ತಿದ್ದರು. ಗಾಳಿ ತಿರುಗಿದ್ದೇ ನಾವಿಕರು ಯಾರಿಗೂ ಕಾಯದೆ ಹಾಯಿ ಬಿಚ್ಚುತ್ತಿದ್ದುದರಿಂದ, ಊಟದ ಮೇಜಿನಿಂದಲೇ ಎದ್ದು ದೋಣಿಯ ಕಡೆ ಓಡಬೇಕಾದ ಸಂದರ್ಭಗಳು ಅಪರೂಪವೇನಲ್ಲ. ಡೀಲ್ ಊರಿನ ದೋಣಿಗಾರರು ಇಂಥ ಧಾವಂತದಿಂದಲೇ ಬದುಕು ಕಟ್ಟಿಕೊಂಡಿದ್ದರು. ಅಲೆ ಎದ್ದಷ್ಟೂ ಅವರ ಕೂಲಿಯೂ ಏರುತ್ತಿತ್ತು.

ಇಂಥ ಕಾಯುವಿಕೆಯ ವಿವರವಾದ ದಾಖಲೆಯನ್ನು ಬಿಟ್ಟುಹೋದವನು ಇಂಗ್ಲಿಷ್ ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್. ಕಾಯಿಲೆಯಿಂದ ನಡೆಯಲಾರದ ಸ್ಥಿತಿಯಲ್ಲಿದ್ದ ಅವನು ಬೆಚ್ಚಗಿನ ಹವೆಯನ್ನು ಅರಸಿ ಲಿಸ್ಬನ್ನಿಗೆ ಹೋಗಲು 1754ರ ಜೂನ್ 26ರಂದು ಮನೆ ಬಿಟ್ಟು ಲಂಡನ್ನಿನ ರಾದರ್‌ಹೈತ್‌ನಲ್ಲಿ ಹಡಗು ಸೇರಿದನು. ಕುರ್ಚಿಯಲ್ಲಿ ಕೂರಿಸಿ ಹಗ್ಗದಿಂದ ಮೇಲೆತ್ತಿಸಿಕೊಳ್ಳಬೇಕಾದ ಅವನನ್ನು ಕಂಡು ದೋಣಿಗಾರರು ಗೇಲಿ ಮಾಡಿದರು. ಹೊರಡುವ ದಿನವನ್ನು ಕಪ್ತಾನನು ಮುಂದೂಡುತ್ತಲೇ ಹೋದನು. ನದಿಯನ್ನು ಬಿಟ್ಟ ಮೇಲೂ ಎದುರುಗಾಳಿಗೆ ಸಿಕ್ಕಿ ಹಡಗು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲೇ ವಾರಗಟ್ಟಲೆ ಸಿಕ್ಕಿಹಾಕಿಕೊಂಡಿತು, ಫೀಲ್ಡಿಂಗನು ವೈಟ್ ದ್ವೀಪದ ರೈಡ್ ಎಂಬಲ್ಲಿ ದಡಕ್ಕಿಳಿದು ಬಾಡಿಗೆ ಮನೆಯಲ್ಲಿ ಕಾಲ ಕಳೆಯಬೇಕಾಯಿತು. ಲಿಸ್ಬನ್ ಮುಟ್ಟುವಾಗ ಆಗಸ್ಟ್ ತಿಂಗಳು ಬಂದಿತ್ತು. ಅಕ್ಟೋಬರಿನಲ್ಲಿ ಅವನು ಅಲ್ಲೇ ತೀರಿಕೊಂಡನು. ಮರಣಾನಂತರ ಪ್ರಕಟವಾದ ಅವನ ಪ್ರವಾಸದ ದಿನಚರಿಯಲ್ಲಿ ಕಡಲಿಗಿಂತ ಹೆಚ್ಚಿನ ಜಾಗವನ್ನು ಪಡೆದಿರುವುದು ಕಡಲಿಗಿಳಿಯುವ ಮುನ್ನಿನ ಕಾಯುವಿಕೆಯೇ. ಬೇಗ ಬಂದವನಿಗೆ ಆ ಕಾಲದಲ್ಲಿ ಸಿಗುತ್ತಿದ್ದುದು ಸವಲತ್ತಲ್ಲ, ಊಟ ಮತ್ತು ಬಾಡಿಗೆಯ ಖರ್ಚು.

ಭಾರತದ ಕಡಲುಗಳಲ್ಲಿ ಗಾಳಿಯ ಜತೆಗೆ ಋತುವಿನ ಆಳ್ವಿಕೆಯೂ ಸೇರಿತ್ತು. ಬಂದರುಕಟ್ಟೆ ಇಲ್ಲದ ಕಾಲದ ಮದರಾಸಿನಲ್ಲಿ ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ದಡದ ಮೇಲೆ ಒಡೆಯುವ ಅಲೆಗಳ ಸಾಲುಗಳನ್ನು ದಾಟಲು, ಹಲಗೆಗಳನ್ನು ಮೊಳೆಯಿಲ್ಲದೆ ನಾರಿನ ಹುರಿಯಿಂದ ಹೊಲಿದು ಮಾಡಿದ, ಪೆಟ್ಟು ಬಿದ್ದರೆ ಬಾಗುವ ಮಸೂಲಾ ದೋಣಿಗಳೇ ಗತಿಯಾಗಿದ್ದವು, ಮತ್ತು ಅಲೆ ದಾಟಲು ಅಸಾಧ್ಯವಾದ ದಿನಗಳಲ್ಲಿ ದಡದಲ್ಲಿ ಬಾವುಟವೇರಿಸಿ ಹಡಗುಗಳಿಗೆ ಆ ಸುದ್ದಿಯನ್ನು ತಿಳಿಸಲಾಗುತ್ತಿತ್ತು. ಪಶ್ಚಿಮ ಕರಾವಳಿಯಲ್ಲಿಯಾದರೆ ಮುಂಗಾರು ಬಂದಿತೆಂದರೆ ಸಣ್ಣ ಬಂದರುಗಳೆಲ್ಲ ಬಾಗಿಲು ಹಾಕಿದಂತೆಯೇ. ಹಬೆಯ ಹಡಗು ಬಂದ ಮೇಲೂ ಈ ಹೆದರಿಕೆ ಪೂರ್ತಿ ಹೋಗಲಿಲ್ಲವೆಂಬುದಕ್ಕೆ ಗಾಂಧೀಜಿಯವರ ಮೊದಲ ಪ್ರಯಾಣವೇ ಸಾಕ್ಷಿ: 1888ರಲ್ಲಿ ಇಂಗ್ಲೆಂಡಿಗೆ ಹೊರಡಲು ಮುಂಬಯಿಗೆ ಬಂದ ಅವರನ್ನು ಜೂನ್ ಜುಲೈ ತಿಂಗಳುಗಳಲ್ಲಿ ಕಡಲು ಒರಟಾಗಿರುತ್ತದೆ, ಮೊದಲ ಪ್ರಯಾಣಕ್ಕೆ ನವೆಂಬರೇ ಲೇಸು ಎಂದು ಸ್ನೇಹಿತರು ತಡೆದರು, ಹಾಗೆ ಮುಂಬಯಿಯಲ್ಲಿ ಕಾಯುತ್ತಿದ್ದ ಅವಧಿಯಲ್ಲೇ ಜಾತಿಯ ಪಂಚಾಯಿತಿ ಕೂಡಿ ಅವರಿಗೆ ಬಹಿಷ್ಕಾರ ಹಾಕಿತು. ಜುನಾಗಢದ ವಕೀಲರೊಬ್ಬರು ಸೆಪ್ಟೆಂಬರ್ 4ರ ಹಡಗಿನಲ್ಲಿ ಹೋಗುವರೆಂದು ತಿಳಿದದ್ದೇ ಅವರೂ ಅದೇ ಹಡಗಿಗೆ ಟಿಕೆಟ್ಟು ಮಾಡಿಸಿ ಹೊರಟುಬಿಟ್ಟರು. ಬಂದರಿನಲ್ಲಿ ಕಾಯುವ ದಿನಗಳು ಹೆಚ್ಚಾದಷ್ಟೂ ಪ್ರಯಾಣವನ್ನು ಕೆಡಿಸಬಲ್ಲ ಸಂಗತಿಗಳೂ ಹೆಚ್ಚುತ್ತವೆ ಎಂಬುದಕ್ಕೆ ಇದಕ್ಕಿಂತ ಹೆಸರಾಂತ ನಿದರ್ಶನವನ್ನು ಹುಡುಕುವುದು ಕಷ್ಟ.

ಗಡಿಯಾರದ ಮಾತಿಗೆ ಹಡಗನ್ನು ಕಟ್ಟಿಹಾಕುವ ಮೊದಲ ಗಟ್ಟಿ ಪ್ರಯತ್ನ ನಡೆದದ್ದು ನ್ಯೂಯಾರ್ಕಿನಲ್ಲಿ. ಅಟ್ಲಾಂಟಿಕ್ ದಾಟುವ ಹಡಗುಗಳು ಅಲ್ಲಿಯವರೆಗೆ ಸರಕು ತುಂಬಿದಾಗ ಹೊರಡುತ್ತಿದ್ದವು; ಸರಕು ತುಂಬದಿದ್ದರೆ ಪ್ರಯಾಣಿಕರು ಎಷ್ಟೇ ಗೊಣಗಿದರೂ ಮಾಲಿಕನು ಲಂಗರು ಎತ್ತಿಸುತ್ತಿರಲಿಲ್ಲ. ಮುಂದೆ ಬ್ಲಾಕ್ ಬಾಲ್ ಎಂಬ ಹೆಸರು ಪಡೆದ ಕಂಪನಿಯೊಂದು, ಸರಕು ತುಂಬಲಿ ಬಿಡಲಿ, ತಿಂಗಳ ಗೊತ್ತಾದ ದಿನದಂದು ತನ್ನ ಹಡಗು ಲಿವರ್‌ಪೂಲಿಗೆ ಹೊರಟೇ ತೀರುವುದೆಂದು 1817ರಲ್ಲಿ ಸಾರಿ, 1818ರ ಜನವರಿ 5ರಂದು ಹಿಮ ಸುರಿಯುತ್ತಿದ್ದಾಗಲೇ ಜೇಮ್ಸ್ ಮನ್ರೋ ಎಂಬ ಹಡಗನ್ನು ಬಿಟ್ಟು ಮಾತು ಉಳಿಸಿಕೊಂಡಿತು. ಹಾಯಿಯ ಹಡಗು ತಲುಪುವ ದಿನವನ್ನು ಹೇಳಲಾಗದಿದ್ದರೂ ಹೊರಡುವ ದಿನವನ್ನು ಹೇಳಬಲ್ಲದೆಂದು ಇದರಿಂದ ಸಿದ್ಧವಾಯಿತು, ಮತ್ತು ತಡವಾಗಿ ಬಂದ ಪ್ರಯಾಣಿಕನು ಹಡಗು ತಪ್ಪಿಸಿಕೊಳ್ಳುವ ಸಂಗತಿಗೆ ಇಂದಿನ ಅರ್ಥ ಬಂದದ್ದೂ ಬಹುಮಟ್ಟಿಗೆ ಈ ಪದ್ಧತಿಯ ನಂತರವೇ.

ಹಬೆಯಂತ್ರ ಗಾಳಿಯ ಹಂಗನ್ನು ಕಳೆದಾಗ ಆ ಜಾಗಕ್ಕೆ ಟಪಾಲು ಬಂದು ಕೂತಿತು. ಬ್ರಿಟಿಷ್ ಸರ್ಕಾರದ ಟಪಾಲು ಗುತ್ತಿಗೆಯ ಬಲದ ಮೇಲೆ ಸ್ಯಾಮ್ಯುಯೆಲ್ ಕ್ಯೂನಾರ್ಡ್ ಕಟ್ಟಿದ ಕಂಪನಿಯ ಬ್ರಿಟಾನಿಯಾ ಹಡಗು 1840ರ ಜುಲೈ 4ರಂದು ಲಿವರ್‌ಪೂಲಿನಿಂದ ಹ್ಯಾಲಿಫ್ಯಾಕ್ಸ್ ಮತ್ತು ಬಾಸ್ಟನ್ನಿಗೆ ಹೊರಟಿತು. ಇಂಥ ಹಡಗುಗಳಲ್ಲಿ ಜನ ತಡವಾದರೆ ನಡೆಯುತ್ತಿತ್ತು, ಅವರನ್ನು ಬಿಟ್ಟು ಹೋಗಬಹುದಿತ್ತು. ಟಪಾಲಿನ ಚೀಲ ಬಾರದೆ ಮಾತ್ರ ಹಡಗು ಕದಲುವಂತಿರಲಿಲ್ಲ. 1842ರ ಜನವರಿಯಲ್ಲಿ ಇದೇ ಬ್ರಿಟಾನಿಯಾದಲ್ಲಿ ಅಮೆರಿಕಕ್ಕೆ ಹೋದ ಚಾರ್ಲ್ಸ್ ಡಿಕನ್ಸ್, ಪ್ರಯಾಣಿಕರನ್ನೆಲ್ಲ ಸಣ್ಣ ಹಬೆದೋಣಿಯೊಂದು ನದಿಯ ಮಧ್ಯದಲ್ಲಿದ್ದ ಹಡಗಿಗೆ ತಲುಪಿಸಿದ ಮೇಲೂ ಕೊನೆಯ ಟಪಾಲು ಚೀಲಗಳನ್ನು ತರುವ ದೋಣಿಗಾಗಿ ಎಲ್ಲರೂ ಕಾದದ್ದನ್ನು ತನ್ನ ಅಮೆರಿಕ ಪ್ರವಾಸದ ಪುಸ್ತಕದಲ್ಲಿ ವರ್ಣಿಸಿದ್ದಾನೆ. ಪ್ರಯಾಣಿಕನು ಟಪಾಲಿಗಿಂತ ಮೊದಲು ಬರಬೇಕು, ಟಪಾಲು ಎಲ್ಲಕ್ಕಿಂತ ಕೊನೆಗೆ ಬರಬೇಕು ಎಂಬ ಈ ಕ್ರಮ ಮುಂಬಯಿಗೆ ಬರುತ್ತಿದ್ದ ಪಿ ಆಂಡ್ ಓ ಎಂಬ ಬ್ರಿಟಿಷ್ ಕಂಪನಿಯ ಹಡಗುಗಳಲ್ಲಿಯೂ ದಶಕಗಳ ಕಾಲ ನಡೆದುಬಂತು.

ಈವರೆಗೆ ಹೇಳಿದ್ದು ಕೈಯಲ್ಲಿ ಕಾಸಿದ್ದವರ ಕಥೆ. ವಲಸಿಗರ ಪಾಡು ಬೇರೆಯೇ ಆಗಿತ್ತು, ಮತ್ತು ಬಂದರಿಗೆ ಬರುವ ಹೊತ್ತಿನ ಇತಿಹಾಸದಲ್ಲಿ ಅವರ ಅಧ್ಯಾಯಕ್ಕೇ ಹೆಚ್ಚು ತೂಕ. 1830ರಿಂದ 1930ರವರೆಗಿನ ನೂರು ವರ್ಷಗಳಲ್ಲಿ ಲಿವರ್‌ಪೂಲ್ ಒಂದರಿಂದಲೇ ಸುಮಾರು 90 ಲಕ್ಷ ಜನ ಹೊಸ ನೆಲಗಳನ್ನು ಅರಸಿ ಹೊರಟರೆಂಬ ಅಂದಾಜಿದೆ. ಐರ್ಲೆಂಡಿನಿಂದಲೋ ಸ್ಕ್ಯಾಂಡಿನೇವಿಯದಿಂದಲೋ ಬಂದಿಳಿದ ಬಡ ಕುಟುಂಬವು ಹಡಗು ಹೊರಡುವವರೆಗೆ ಆ ಊರಿನ ಕಿಕ್ಕಿರಿದ ವಸತಿಗಳಲ್ಲಿ ಕೊಳೆಯಬೇಕಿತ್ತು. ಅವರ ಗಂಟುಮೂಟೆಯನ್ನು ಕಿತ್ತುಕೊಂಡು ತಮಗೆ ಕಮಿಷನ್ ಕೊಡುವ ವಸತಿಗೇ ಎಳೆದೊಯ್ಯುವ, ಹಡಗಿನಲ್ಲಿ ಬೇಕಿಲ್ಲದ ಸಾಮಾನನ್ನು ಬೇಕೆಂದು ನಂಬಿಸಿ ಮಾರುವ ದಲ್ಲಾಳಿಗಳು ಧಕ್ಕೆಯ ತುಂಬ ಹರಡಿಕೊಂಡಿದ್ದರು. ಹಡಗು ಒಂದು ದಿನ ತಡವಾದರೆ ವಸತಿಯವನಿಗೆ ಒಂದು ದಿನದ ಲಾಭ, ವಲಸಿಗನಿಗೆ ಅಮೆರಿಕದಲ್ಲಿ ಬದುಕು ಹೂಡಲೆಂದು ಇಟ್ಟುಕೊಂಡ ಹಣದಲ್ಲಿ ಒಂದು ದಿನದ ನಷ್ಟ. ಈ ಅನ್ಯಾಯ ಎಷ್ಟು ಬಹಿರಂಗವಾಗಿತ್ತೆಂದರೆ, ಗೊತ್ತುಪಡಿಸಿದ ದಿನ ಹಡಗು ಹೊರಡದಿದ್ದರೆ ಪ್ರಯಾಣಿಕನಿಗೆ ದಿನವೊಂದಕ್ಕೆ ಇಷ್ಟೆಂದು ಖರ್ಚಿನ ಹಣವನ್ನು ಹಡಗಿನ ಕಡೆಯವರೇ ಕೊಡಬೇಕೆಂದು ಬ್ರಿಟನ್ನಿನ ಪ್ರಯಾಣಿಕರ ಕಾಯ್ದೆಗಳಲ್ಲಿ ವಿಧಿಸಬೇಕಾಯಿತು. ಕಾಯುವ ಖರ್ಚನ್ನು ಪ್ರಯಾಣಿಕನಿಂದ ಕಂಪನಿಯ ತಲೆಗೆ ವರ್ಗಾಯಿಸಿದ ಮೊದಲ ಕಾನೂನುಗಳು ಇವೇ ಎನ್ನಬಹುದು. ಇಂದಿನ ಪ್ರಯಾಣಿಕರು ವಿಮಾನ ತಡವಾದಾಗ ಕೇಳುವ ಪರಿಹಾರವೂ ಇದೇ ಜಾತಿಯದು.

ಕಂಪನಿಗಳಿಗೆ ವಲಸಿಗರ ಯೋಗಕ್ಷೇಮದಲ್ಲಿ ನಿಜವಾದ ಆಸಕ್ತಿ ಹುಟ್ಟಿದ್ದು ಆಚೆ ದಡದ ಕಾನೂನಿನಿಂದ. 1891ರ ಅಮೆರಿಕದ ವಲಸೆ ಕಾಯ್ದೆಯ ಪ್ರಕಾರ, ಅಂಟುರೋಗವುಳ್ಳವರನ್ನೂ ಪ್ರವೇಶಕ್ಕೆ ಅನರ್ಹರಾದ ಇತರರನ್ನೂ ಕರೆತಂದ ಕಂಪನಿಯೇ ಅವರನ್ನು ತನ್ನ ಖರ್ಚಿನಲ್ಲಿ ಹಿಂದಕ್ಕೆ ಒಯ್ಯಬೇಕಿತ್ತು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ತಪಾಸಣಾ ಕೇಂದ್ರ 1892ರ ಜನವರಿ 1ರಂದು ತೆರೆಯಿತು. ಅದೇ ವರ್ಷ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ 8000ಕ್ಕೂ ಹೆಚ್ಚು ಜನ ಸತ್ತರು, ಮತ್ತು ಅದರ ದೂರು ರಷ್ಯಾದ ಕಡೆಯಿಂದ ಬಂದ ಬಡ ವಲಸಿಗರ ಮೇಲೆ ಬಿತ್ತು. ಹ್ಯಾಂಬರ್ಗ್ ಅಮೆರಿಕ ಕಂಪನಿಯ ಮುಖ್ಯಸ್ಥ ಆಲ್ಬರ್ಟ್ ಬಾಲಿನ್ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ವಲಸಿಗರಿಗೆಂದೇ ಒಂದು ಊರನ್ನು ಕಟ್ಟುವುದು. ನಗರದಂಚಿನ ಫೆಡೆಲ್ ದ್ವೀಪದಲ್ಲಿ 1901ರಲ್ಲಿ ತೆರೆದು, ಮುಂದಿನ ವರ್ಷಗಳಲ್ಲಿ ಸುಮಾರು 5000 ಜನರಿಗೆ ಜಾಗ ಕೊಡುವಷ್ಟು ಬೆಳೆದ ಆ ವಸತಿ ಸಂಕೀರ್ಣದಲ್ಲಿ ಬಂದವರನ್ನು ಮೊದಲು ‘ಅಶುದ್ಧ’ ಭಾಗದಲ್ಲಿ ಇಳಿಸಿ, ಸ್ನಾನ ಮಾಡಿಸಿ, ಬಟ್ಟೆಬರೆಯನ್ನು ಹಬೆಯಲ್ಲಿ ಶುದ್ಧಿಗೊಳಿಸಿ, ವೈದ್ಯರಿಂದ ನೋಡಿಸಿದ ಮೇಲಷ್ಟೇ ‘ಶುದ್ಧ’ ಭಾಗಕ್ಕೆ ಬಿಡುತ್ತಿದ್ದರು; ಅಲ್ಲಿ ಪ್ರಾರ್ಥನಾ ಮಂದಿರಗಳು, ಯಹೂದಿಗಳಿಗೆ ಅವರ ಧರ್ಮದ ಕಟ್ಟಳೆಯಂತೆ ನಡೆಯುವ ಪ್ರತ್ಯೇಕ ಅಡುಗೆಮನೆ, ಸಂಗೀತದ ಮಂಟಪ ಎಲ್ಲವೂ ಇದ್ದವು. ದಯೆಗಿಂತ ಲೆಕ್ಕಾಚಾರವೇ ಇದರ ಹಿಂದೆ ದೊಡ್ಡದಾಗಿದ್ದರೂ, ಲಿವರ್‌ಪೂಲಿನ ಗಲ್ಲಿಗಳಿಗೆ ಹೋಲಿಸಿದರೆ ಇದು ಎಷ್ಟೋ ಮೇಲು ಎಂಬುದನ್ನು ಒಪ್ಪಲೇಬೇಕು. ಹಡಗು ಹೊರಡುವ ದಿನಕ್ಕಿಂತ ಹಲವು ದಿನ ಮೊದಲೇ ಬಂದರಿನಲ್ಲಿರುವುದು ಇಲ್ಲಿ ಗಾಳಿಯ ಕಾರಣದಿಂದಲ್ಲ, ರೋಗಾಣುವಿನ ಕಾರಣದಿಂದ ಕಡ್ಡಾಯವಾಯಿತು.

ಅದೇ ಕಾರಣ ಮುಂಬಯಿಗೂ ಬಂತು. 1896ರಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡಾಗ ಯೂರೋಪಿನ ದೇಶಗಳು ದಿಗಿಲುಗೊಂಡು 1897ರಲ್ಲಿ ವೆನಿಸ್ ನಗರದಲ್ಲಿ ಸಭೆ ಸೇರಿ, ಸೋಂಕಿರುವ ಬಂದರುಗಳಿಂದ ಹೊರಡುವ ಪ್ರಯಾಣಿಕರನ್ನು ಹತ್ತುವ ಮುನ್ನವೇ ವೈದ್ಯರು ಪರೀಕ್ಷಿಸಬೇಕೆಂದು ಒಪ್ಪಂದ ಮಾಡಿಕೊಂಡವು. ಹಜ್ ಯಾತ್ರಿಕರಿಂದ ಹಿಡಿದು ರಜೆಯಲ್ಲಿ ಸ್ವದೇಶಕ್ಕೆ ಹೊರಟ ಅಧಿಕಾರಿಗಳವರೆಗೆ ಎಲ್ಲರಿಗೂ ಈ ಪರೀಕ್ಷೆ ಬಂದಿತಾದರೂ, ಮೊದಲ ದರ್ಜೆಯವರ ನಾಡಿಯನ್ನು ಹಿಡಿದು ಬಿಡುತ್ತಿದ್ದ ಹೊತ್ತಿಗೂ ಡೆಕ್ಕಿನ ಪ್ರಯಾಣಿಕರು ಬಿಸಿಲಿನಲ್ಲಿ ಸಾಲು ನಿಲ್ಲುತ್ತಿದ್ದ ಹೊತ್ತಿಗೂ ಅಜಗಜಾಂತರವಿತ್ತು.

ಹೊರಡುವ ಸಮಯಕ್ಕೂ ಬಂದರಿಗೆ ಬರುವ ಸಮಯಕ್ಕೂ ನಡುವಿನ ಅಂತರವನ್ನು ಅತಿ ಕಿರಿದಾಗಿಸಿದ್ದು ರೈಲು. ಹಡಗಿನ ಪ್ರಯಾಣಿಕರಿಗೆಂದೇ ಓಡಿಸಿ ಧಕ್ಕೆಯ ಅಂಚಿನವರೆಗೆ ತರುತ್ತಿದ್ದ ವಿಶೇಷ ಗಾಡಿಗೆ ಬೋಟ್ ಟ್ರೈನ್ ಎಂದು ಹೆಸರು. ಈ ಗಾಡಿಯ ವೇಳಾಪಟ್ಟಿಯೇ ಹಡಗು ಹತ್ತುವ ವೇಳಾಪಟ್ಟಿಯಾಗಿತ್ತು. ಟೈಟಾನಿಕ್ ಹಡಗು 1912ರ ಏಪ್ರಿಲ್ 10ರ ಮಧ್ಯಾಹ್ನ ಹನ್ನೆರಡಕ್ಕೆ ಸೌತಾಂಪ್ಟನ್ ಬಿಟ್ಟ ದಿನದ ಕ್ರಮ ಈ ವ್ಯವಸ್ಥೆಯನ್ನು ಚೆನ್ನಾಗಿ ತೋರಿಸುತ್ತದೆ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಹೊರಟ ಎರಡನೆಯ ಮತ್ತು ಮೂರನೆಯ ದರ್ಜೆಯವರ ಗಾಡಿ ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಬಂದು ನಿಂತಿತು. ಅಮೆರಿಕದ ಕಾನೂನಿಗಾಗಿ ಮೂರನೆಯ ದರ್ಜೆಯವರ ಆರೋಗ್ಯ ಪರೀಕ್ಷೆ ನಡೆಯಬೇಕಿದ್ದುದರಿಂದ ಅವರು ಮೊದಲೇ ಬರಬೇಕಿತ್ತು. ಮೊದಲ ದರ್ಜೆಯ ಗಾಡಿ ಬಂದದ್ದು ಹನ್ನೊಂದೂವರೆಯ ಹೊತ್ತಿಗೆ, ಅಂದರೆ ಹಡಗು ಹೊರಡಲು ಅರ್ಧ ಗಂಟೆ ಮಾತ್ರ ಉಳಿದಿದ್ದಾಗ. ಹೆಚ್ಚು ಹಣ ಕೊಟ್ಟವರು ತಡವಾಗಿ ಬರುವುದೇ ಆ ಕಾಲದ ಮರ್ಯಾದೆ. ಬೇಗ ಬಂದು ಕಾಯುವುದು ಬಡತನದ ಗುರುತು. ಇಂದು ಹೆಚ್ಚು ಹಣ ಕೊಟ್ಟವರು ಎಲ್ಲರಿಗಿಂತ ಮೊದಲು ಹತ್ತುತ್ತಾರೆ. ನೂರು ವರ್ಷಗಳಲ್ಲಿ ಈ ಪದ್ಧತಿ ತಲೆಕೆಳಗಾದದ್ದು ಹೇಗೆಂಬುದೇ ಈ ಇತಿಹಾಸದ ಸ್ವಾರಸ್ಯ.

ಅದೇ ಹಡಗು ಸಂಜೆ ಫ್ರಾನ್ಸಿನ ಶೆರ್ಬೂರ್ ಬಂದರಿಗೆ ಹೋದಾಗ, ಪ್ಯಾರಿಸ್ಸಿನಿಂದ ರೈಲಿನಲ್ಲಿ ಬಂದು ಕಾದಿದ್ದವರನ್ನು ನೊಮ್ಯಾಡಿಕ್ ಮತ್ತು ಟ್ರಾಫಿಕ್ ಎಂಬ ಎರಡು ಪೂರಕ ದೋಣಿಗಳು ಹೊತ್ತೊಯ್ದವು, ನೊಮ್ಯಾಡಿಕ್ ಮೊದಲೆರಡು ದರ್ಜೆಯವರನ್ನು, ಟ್ರಾಫಿಕ್ ಮೂರನೆಯ ದರ್ಜೆಯವರನ್ನು. ದೊಡ್ಡ ಹಡಗನ್ನು ದಡಕ್ಕೆ ತರಲಾಗದಲ್ಲಿ ಹೀಗೆ ಜನರನ್ನು ಸಾಗಿಸುವ ದೋಣಿಗೆ ಟೆಂಡರ್ ಎನ್ನುತ್ತಾರೆ. ನೊಮ್ಯಾಡಿಕ್ ಇಂದಿಗೂ ಬೆಲ್‌ಫಾಸ್ಟಿನಲ್ಲಿ ಉಳಿದಿದೆ. ರೈಲು ಮತ್ತು ಹಡಗಿನ ಈ ನಂಟು ಕಟ್ಟಡದ ರೂಪದಲ್ಲಿ ತುತ್ತತುದಿ ಮುಟ್ಟಿದ್ದು 1950ರಲ್ಲಿ ಸೌತಾಂಪ್ಟನ್ನಿನಲ್ಲಿ ತೆರೆದ ಓಷನ್ ಟರ್ಮಿನಲ್‌ನಲ್ಲಿ; ಕೆಳಗೆ ರೈಲು, ಮೇಲಿನ ಮಹಡಿಯಲ್ಲಿ ಸೋಫಾಗಳ ವಿಶ್ರಾಂತಿಗೃಹ, ಅಲ್ಲಿಂದ ನೇರ ಹಡಗಿಗೆ ಸೇತುವೆ. ಅದು ತೆರೆದ ಎಂಟೇ ವರ್ಷಗಳಲ್ಲಿ ಪ್ರಯಾಣಿಕರ ಜೆಟ್ ವಿಮಾನ ಅಟ್ಲಾಂಟಿಕ್ ದಾಟಿತು. 1983ರಲ್ಲಿ ಕಟ್ಟಡವನ್ನು ಕೆಡವಲಾಯಿತು.

ಮುಂಬಯಿಯಲ್ಲಿ ಈ ಪಾತ್ರ ಬಲ್ಲಾರ್ಡ್ ಪಿಯರ್‌ನದು. ಕಟ್ಟೆಗೆ ಹೊಂದಿಕೊಂಡೇ ರೈಲು ನಿಲ್ದಾಣವಿದ್ದು, 1928ರಲ್ಲಿ ಆರಂಭವಾದ ಫ್ರಾಂಟಿಯರ್ ಮೇಲ್‌ನಂಥ ಗಾಡಿಗಳು ವಿಲಾಯತಿಯ ಟಪಾಲು ಹಡಗಿನಿಂದ ಇಳಿದವರನ್ನು ದೆಹಲಿ, ಪೇಶಾವರಗಳ ಕಡೆಗೆ ಒಯ್ಯುತ್ತಿದ್ದವು. ಮೈಸೂರು ಸಂಸ್ಥಾನದಿಂದ ಓದಿಗಾಗಿ ಹೊರದೇಶಕ್ಕೆ ಹೊರಟವರಲ್ಲಿ ಅನೇಕರು ಮುಂಬಯಿಯ ದಾರಿಯನ್ನೇ ಹಿಡಿಯುತ್ತಿದ್ದರು. ಅಂಥ ಪ್ರಯಾಣಿಕನು ಹಡಗು ಹತ್ತುವ ಮುನ್ನ ಮುಗಿಸಬೇಕಿದ್ದ ಕೆಲಸಗಳಲ್ಲಿ ಸಾಮಾನಿಗೆ ಚೀಟಿ ಅಂಟಿಸುವುದು ಮುಖ್ಯವಾಗಿತ್ತು: ಕೋಣೆಯಲ್ಲಿ ಇರಬೇಕಾದ ಪೆಟ್ಟಿಗೆಗೆ ಒಂದು ಚೀಟಿ, ಪ್ರಯಾಣದ ನಡುವೆ ತೆಗೆಯಲು ಬೇಕಾದದ್ದಕ್ಕೆ ಇನ್ನೊಂದು, ಊರು ಮುಟ್ಟುವವರೆಗೆ ಬೇಡವಾದದ್ದಕ್ಕೆ ಮತ್ತೊಂದು. ಬೇಡವಾದ ಪೆಟ್ಟಿಗೆಗಳು ಹಡಗಿನ ತಳ ಸೇರಬೇಕಾದ್ದರಿಂದ ಅವು ಪ್ರಯಾಣಿಕನಿಗಿಂತ ಮೊದಲೇ ಧಕ್ಕೆಗೆ ಬರಬೇಕಿತ್ತು. ಇಂದಿನ ಕ್ರೂಸ್ ಟರ್ಮಿನಲ್ಲಿನ ಬಾಗಿಲಲ್ಲೇ ಕೂಲಿಯವನು ಚೀಟಿ ಕಟ್ಟಿದ ಸೂಟ್‌ಕೇಸನ್ನು ತೆಗೆದುಕೊಂಡು, ಅದು ಸಂಜೆಯ ಹೊತ್ತಿಗೆ ಕೋಣೆಯ ಬಾಗಿಲಲ್ಲಿ ಕಾಣಿಸಿಕೊಳ್ಳುವ ಏರ್ಪಾಡು ಈ ಹಳೆಯ ಪದ್ಧತಿಯ ಮುಂದುವರಿಕೆ.

ಕನ್ನಡ ಕರಾವಳಿಯ ಬಂದರುಗಳಿಗೆ ಇಂಥ ಕಟ್ಟೆಯಾಗಲಿ ರೈಲಾಗಲಿ ಬಹುಕಾಲ ಇರಲಿಲ್ಲ. ಮುಂಬಯಿಯಿಂದ ಕೊಂಕಣದ ಗುಂಟ ಇಳಿದು ಕಾರವಾರ, ಮಂಗಳೂರುಗಳ ಕಡೆ ಬರುತ್ತಿದ್ದ ಹಬೆಯ ಹಡಗನ್ನು, ಕರಾವಳಿಯ ಜನ ಆಗಬೋಟು ಎನ್ನುತ್ತಿದ್ದುದನ್ನು, ಹತ್ತಬೇಕಾದವರು ಅಳಿವೆಯ ಮರಳದಿಬ್ಬವನ್ನು ದೋಣಿಯಲ್ಲಿ ದಾಟಿ ಹೊರಗಡಲಿಗೆ ಹೋಗಬೇಕಿತ್ತು. ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಗುರುಪುರ ನದಿಗಳು ಕೂಡಿ ಕಡಲು ಸೇರುವಲ್ಲಿದ್ದು, ದೊಡ್ಡ ಹಡಗು ಒಳಗೆ ಬರುವಷ್ಟು ಆಳ ಅಲ್ಲಿರಲಿಲ್ಲ. ಆದ್ದರಿಂದ ಇಲ್ಲಿ ಬಂದರಿಗೆ ಬರುವ ಹೊತ್ತನ್ನು ಎರಡು ಗಡಿಯಾರಗಳು ಹೇಳುತ್ತಿದ್ದವು, ಒಂದು ಕಂಪನಿಯದು, ಇನ್ನೊಂದು ಉಬ್ಬರವಿಳಿತದ್ದು. ಇವೆರಡು ತಾಳೆಯಾಗದಿದ್ದರೆ ಮಾತು ನಡೆಯುತ್ತಿದ್ದುದು ಎರಡನೆಯದ್ದೇ. ಮಳೆಗಾಲದಲ್ಲಿ ಎರಡೂ ನಿಲ್ಲುತ್ತಿದ್ದವು, ನೂಲ ಹುಣ್ಣಿಮೆಯಂದು ಕಡಲಿಗೆ ಹಾಲು ತೆಂಗಿನಕಾಯಿ ಅರ್ಪಿಸಿದ ಮೇಲೆ ಮತ್ತೆ ಹಾದಿ ತೆರೆಯುತ್ತಿತ್ತು. 1907ರಲ್ಲಿ ಮದರಾಸಿನ ಕಡೆಯ ರೈಲು ಮಂಗಳೂರು ಮುಟ್ಟಿದರೂ ಉತ್ತರದ ಕಡೆಗೆ ಹಳಿ ಬೀಳಲು 20ನೆಯ ಶತಮಾನದ ಕೊನೆಯ ದಶಕದ ಕೊಂಕಣ ರೈಲ್ವೆಯವರೆಗೆ ಕಾಯಬೇಕಾಯಿತು. ಮುಂಬಯಿಯ ಹೋಟೆಲುಗಳಿಗೆ ಕೆಲಸ ಹುಡುಕಿಕೊಂಡು ಹೋದ ದಕ್ಷಿಣ ಕನ್ನಡದ ಹಳೆಯ ತಲೆಮಾರಿಗೆ ಕಡಲ ದಾರಿ ಪರಿಚಿತವಾಗಿದ್ದುದು ಈ ಕಾರಣದಿಂದ.

ಪ್ರಯಾಣಿಕರ ಜೆಟ್ ವಿಮಾನ 1958ರಲ್ಲಿ ಅಟ್ಲಾಂಟಿಕ್ ದಾಟಿದ ಮೇಲೆ ಊರು ಮುಟ್ಟಲು ಹಡಗು ಹತ್ತುವವರು ಬೇಗನೆ ಕರಗಿಹೋದರು. ಹಡಗಿನ ಉದ್ಯಮ ಉಳಿದದ್ದು ಪ್ರಯಾಣವನ್ನೇ ಸರಕು ಮಾಡಿಕೊಂಡು: 1966ರ ಡಿಸೆಂಬರಿನಲ್ಲಿ ಸನ್‌ವರ್ಡ್ ಎಂಬ ನಾರ್ವೆಯ ಹಡಗು ಮಯಾಮಿಯಿಂದ ಬಹಾಮಾಸ್ ದ್ವೀಪಗಳ ಕಡೆ ವಿಹಾರಕ್ಕೆ ಹೊರಟಿತು, 1972ರಲ್ಲಿ ಕಾರ್ನಿವಲ್ ಕಂಪನಿಯ ಮೊದಲ ಹಡಗು ಮಾರ್ಡಿ ಗ್ರಾ ಅದೇ ಬಂದರಿನಿಂದ ಹೊರಟು ಮೊದಲ ಯಾನದಲ್ಲೇ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಹಳೆಯ ಹಡಗು ಯಾನದಿಂದ ಬಂದ ಮೇಲೆ ಸಾಮಾನ್ಯವಾಗಿ ಕೆಲವು ದಿನ ಬಂದರಿನಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿತ್ತು. ಹೊಸ ವಿಹಾರನೌಕೆಗೆ ಆ ಬಿಡುವಿಲ್ಲ. ನಿಂತ ಹಡಗು ನಷ್ಟದ ಹಡಗು ಎಂಬ ಲೆಕ್ಕದಲ್ಲಿ ಅದು ಬೆಳಗಿನ ಜಾವ ಬಂದು, ಸಾವಿರಾರು ಜನರನ್ನು ಇಳಿಸಿ, ಅಷ್ಟೇ ಜನರನ್ನು ಹತ್ತಿಸಿಕೊಂಡು ಅದೇ ಸಂಜೆ ಹೊರಡಬೇಕು. ಈ ಹಗಲಿಗೆ ಉದ್ಯಮದವರು ಟರ್ನ್‌ಅರೌಂಡ್ ದಿನ ಎನ್ನುತ್ತಾರೆ, ಮತ್ತು ಬೇಗ ಹತ್ತುವ ಪ್ರಶ್ನೆಯ ಇಂದಿನ ಉತ್ತರವೆಲ್ಲ ಈ ದಿನದ ಏರ್ಪಾಟಿನಲ್ಲಿದೆ.

ಹಳಬರು ಇಳಿಯುವುದು ಬೆಳಿಗ್ಗೆ ಏಳರಿಂದ ಒಂಬತ್ತೂವರೆಯವರೆಗೆ. ಅಮೆರಿಕದ ಬಂದರುಗಳಲ್ಲಿ, ಹಿಂದಿನ ಯಾನದ ಕೊನೆಯ ಪ್ರಯಾಣಿಕನೂ ಇಳಿದು ಲೆಕ್ಕ ಸೊನ್ನೆಗೆ ಬಂದ ಮೇಲೆ ಹೊಸಬರನ್ನು ಬಿಡುವುದು ರೂಢಿ. ಒಬ್ಬನು ಮಲಗಿಬಿಟ್ಟರೂ ಹೊರಗಿನ ಸಾಲು ನಿಂತಲ್ಲೇ ನಿಲ್ಲುತ್ತದೆ. ಹೀಗಾಗಿ ಹತ್ತೂವರೆ ಹನ್ನೊಂದಕ್ಕಿಂತ ಮೊದಲು ಹತ್ತುವುದು ಯಾರಿಗೂ ಆಗುವ ಮಾತಲ್ಲ. ಆ ಹೊತ್ತಿಗೆ ಹತ್ತಿದವರಿಗೂ ಕೋಣೆ ದೊರೆಯುವುದು ಸಾಮಾನ್ಯವಾಗಿ ಮಧ್ಯಾಹ್ನ ಒಂದರ ನಂತರ. ಕೋಣೆಯ ಕೆಲಸದವರು ಹಾಸಿಗೆ ಬದಲಿಸುತ್ತಿರುವಾಗ ಬೇಗ ಬಂದವರು ಕೈಚೀಲ ಹಿಡಿದು ಊಟದ ಸಾಲೆಯಲ್ಲಿರುತ್ತಾರೆ. ಕಂಪನಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ, ಏಕೆಂದರೆ ಐದಾರು ಸಾವಿರ ಜನರನ್ನು ಹಿಡಿಸುವ ಈಗಿನ ಹಡಗುಗಳಲ್ಲಿ ಎಲ್ಲರೂ ಒಟ್ಟಿಗೆ ಎರಡು ಗಂಟೆಗೆ ಬಂದರೆ ಧಕ್ಕೆ ಉಸಿರು ಕಟ್ಟುತ್ತದೆ. ಜನರನ್ನು ಬೆಳಿಗ್ಗೆಯಿಂದಲೇ ಹಂಚಿ ಕರೆಸಿಕೊಳ್ಳಲು ಊಟವೇ ಅಗ್ಗದ ಆಮಿಷ. ಕಡಲಿನ ವಾಸವೇ ಗಮ್ಯವಾದ ಮೇಲೆ ಹಡಗಿನ ಮೇಲಿನ ಪ್ರತಿ ಗಂಟೆಯೂ ಹಣ ಕೊಟ್ಟು ಕೊಂಡ ಗಂಟೆಯಾಯಿತು, ಆದ್ದರಿಂದಲೇ ಮೊದಲು ಬರುವುದು ಮರ್ಯಾದೆಯ ಗುರುತಾಯಿತು.

ಬಾಗಿಲು ಮುಚ್ಚುವ ಹೊತ್ತಿನ ಇತಿಹಾಸ ಮಾತ್ರ ಭಯದ ಇತಿಹಾಸ. ಹಳೆಯ ಹಡಗುಗಳಲ್ಲಿ ಬೀಳ್ಕೊಡಲು ಬಂದ ನೆಂಟರಿಷ್ಟರು ಜಾಗಟೆ ಬಾರಿಸುವವರೆಗೆ ಹಡಗಿನ ಮೇಲೆಯೇ ಇರಬಹುದಿತ್ತು. ಅಮೆರಿಕದ ಮೇಲೆ 2001ರ ಸೆಪ್ಟೆಂಬರಿನಲ್ಲಿ ನಡೆದ ದಾಳಿಯ ನಂತರ 2004ರ ಜುಲೈ 1ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ಹಡಗು ಮತ್ತು ಬಂದರು ಭದ್ರತಾ ಸಂಹಿತೆಯು ಧಕ್ಕೆಯನ್ನು ವಿಮಾನ ನಿಲ್ದಾಣದಂತೆ ಬೇಲಿಯೊಳಗೆ ತಂದಿತು. 2008ರಿಂದ ಅಮೆರಿಕದ ಬಂದರುಗಳಿಂದ ವಿದೇಶಕ್ಕೆ ಹೊರಡುವ ಹಡಗು ತನ್ನ ಪ್ರಯಾಣಿಕರ ಪಟ್ಟಿಯನ್ನು ಹೊರಡುವುದಕ್ಕೆ 60 ನಿಮಿಷ ಮೊದಲೇ ಸರ್ಕಾರಕ್ಕೆ ಸಲ್ಲಿಸಬೇಕಾಯಿತು. ಆ ಪಟ್ಟಿ ಮುಚ್ಚಿದ ಮೇಲೆ ಬಂದವನ ಕಣ್ಣೆದುರೇ ಹಡಗು ನಿಂತಿದ್ದರೂ ಅವನಿಗೆ ಅದು ಹೊರಟಂತೆಯೇ. ಇನ್ನೊಂದು ಬದಲಾವಣೆಗೆ ಕಾರಣ ಇಟಲಿಯ ಕೋಸ್ಟಾ ಕಾಂಕೋರ್ಡಿಯಾ ಅಪಘಾತ. 2012ರ ಜನವರಿ 13ರ ಸಂಜೆ ಚಿವಿತಾವೆಕಿಯಾ ಬಂದರು ಬಿಟ್ಟ ಆ ಹಡಗು ಮೂರು ಗಂಟೆ ಕಳೆಯುವುದರೊಳಗೆ ಜಿಲಿಯೊ ದ್ವೀಪದ ಬಂಡೆಗೆ ತಾಗಿ ಒರಗಿತು, 32 ಜನ ಸತ್ತರು. ಆ ದಿನ ಹತ್ತಿದ ನೂರಾರು ಜನರಿಗೆ ಅಪಾಯದಲ್ಲಿ ಎಲ್ಲಿ ಸೇರಬೇಕೆಂಬ ಅಭ್ಯಾಸವನ್ನು ಇನ್ನೂ ಮಾಡಿಸಿರಲಿಲ್ಲ, ಏಕೆಂದರೆ 24 ಗಂಟೆಯೊಳಗೆ ಮಾಡಿಸಿದರೆ ಸಾಕೆಂದು ಆಗಿನ ನಿಯಮವಿತ್ತು. 2015ರಿಂದ ಈ ಅಭ್ಯಾಸ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ನಡೆಯಬೇಕೆಂದು ಕಡ್ಡಾಯವಾಯಿತು. ಕೋವಿಡ್ ಕಾಲವು ಇವೆಲ್ಲದರ ಮೇಲೆ ಪ್ರತಿಯೊಬ್ಬರಿಗೂ ಅರ್ಧ ಗಂಟೆಯ ಸರದಿಯನ್ನು ಮೊಬೈಲಿನಲ್ಲಿ ಗೊತ್ತುಮಾಡುವ ಪದ್ಧತಿಯನ್ನು ಗಟ್ಟಿಗೊಳಿಸಿತು.

1975ರ ಜನವರಿಯಲ್ಲಿ ಉದ್ಘಾಟನೆಗೊಂಡ ಪಣಂಬೂರಿನ ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ತಿಂಗಳುಗಳಲ್ಲಿ ವಿದೇಶಿ ವಿಹಾರನೌಕೆಗಳು ಬರುತ್ತವೆ. ಆದರೆ ಬಂದವರು ಕುದ್ರೋಳಿಯ ದೇವಸ್ಥಾನವನ್ನೋ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ನೋಡಿ ಅದೇ ದಿನ ಮರಳುವುದರಿಂದ, ಇದು ಬಹುಮಟ್ಟಿಗೆ ಇಳಿದು ನೋಡುವ ಬಂದರೇ ಹೊರತು ಹತ್ತುವ ಬಂದರಲ್ಲ. ಯಾನ ಕೈಗೊಳ್ಳುವ ಕನ್ನಡಿಗರು ಸಾಮಾನ್ಯವಾಗಿ ಮುಂಬಯಿಗೋ ಸಿಂಗಪುರಕ್ಕೋ ಹೋಗಬೇಕಾಗುತ್ತದೆ, ಮತ್ತು ಅಂಥವರಿಗೆ ಈ ಇತಿಹಾಸದಿಂದ ದೊರೆಯುವ ತಿಳಿವಳಿಕೆ ಸರಳವಾಗಿದೆ. ಹಡಗು ಹೊರಡುವ ದಿನದ ಬೆಳಗಿನ ವಿಮಾನವನ್ನು ನೆಚ್ಚದೆ ಹಿಂದಿನ ದಿನವೇ ಬಂದರಿನ ಊರು ಸೇರುವುದು ಲೇಸು. ಹತ್ತೂವರೆಗೆ ಮೊದಲು ಧಕ್ಕೆಯಲ್ಲಿ ನಿಂತು ಪಡೆಯುವಂಥದ್ದೇನೂ ಇಲ್ಲ. ಔಷಧ, ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮತ್ತು ಟಿಕೆಟ್ಟಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಹೊರಡುವ ಸಮಯಕ್ಕಿಂತ ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಬಾಗಿಲು ಮುಚ್ಚುವ ಸಮಯವನ್ನೇ ಓದಿಕೊಂಡು ಮನೆ ಬಿಡಬೇಕು.